ಸಂಕಟಕಾಲದಲ್ಲಿ ಶರಣರ ಶಿವನಂಬುಗೆ: ಒಂದು ಚಾರಿತ್ರಿಕ ಅವಲೋಕನ

ದೇವರು ತನ್ನೊಡನಿದ್ದಾನೆಂದು ಸುಖದ ದಿನಗಳಲ್ಲಿ ಹೇಳುವುದು ಯಾರಿಗೂ ಕಷ್ಟವಲ್ಲ. ಬೆಳೆ ಕಣಕ್ಕೆ ಬಂದು, ಮನೆ ಮಕ್ಕಳಿಂದ ತುಂಬಿ, ಊರು ನೆಮ್ಮದಿಯಿಂದಿರುವಾಗ ಆ ಮಾತು ನಾಲಗೆಗೆ ತಾನಾಗಿ ಬರುತ್ತದೆ. ಮಳೆ ಹೋಗಿ ನೆಲ ಬಿರಿದಾಗ, ಆಪ್ತರನ್ನು ಮಣ್ಣಿಗೆ ಕೊಟ್ಟು ಹಿಂದಿರುಗುವಾಗ, ಬಾಳೆಲ್ಲ ಕಟ್ಟಿದ್ದು ಕಣ್ಣೆದುರಿಗೇ ಕುಸಿದಾಗ ಆ ಮಾತಿನ ನಿಜವಾದ ತೂಕ ತಿಳಿಯುತ್ತದೆ. ಆದುದರಿಂದ ಯಾವುದೇ ಧರ್ಮಪರಂಪರೆಯ ಶ್ರದ್ಧೆಯನ್ನು ಅಳೆಯಬೇಕಾದರೆ ಅದರ ಉತ್ಸವದ ದಿನಗಳಿಗಿಂತ ಅದರ ಆಪತ್ತಿನ ದಿನಗಳನ್ನು ಪರಿಶೀಲಿಸುವುದು ಹೆಚ್ಚು ಯುಕ್ತ.

ಹನ್ನೆರಡನೆಯ ಶತಮಾನದ ಶರಣರ ಚರಿತ್ರೆಯನ್ನು ಸಾಮಾನ್ಯವಾಗಿ ಕಲ್ಯಾಣದ ವೈಭವ, ಅನುಭವಗೋಷ್ಠಿ, ಮಹಾಮನೆಯ ದಾಸೋಹ ಇವುಗಳ ಮೂಲಕ ನೋಡುವುದು ರೂಢಿ. ಅದೇ ಚರಿತ್ರೆ ಒಂದು ದೊಡ್ಡ ವಿಪತ್ತಿನ ಚರಿತ್ರೆಯೂ ಹೌದೆಂಬುದನ್ನು ಮರೆಯಲಾಗದು. ಶರಣರು ಕಟ್ಟಿದ ಸಮಾಜ ಒಂದು ತಲೆಮಾರಿನ ಅವಧಿಯೊಳಗೇ ಚದುರಿಹೋಯಿತು. ಬಸವಣ್ಣನವರು ಕಲ್ಯಾಣವನ್ನು ಬಿಟ್ಟು ಕೂಡಲಸಂಗಮಕ್ಕೆ ಹೋದರು. ಚೆನ್ನಬಸವಣ್ಣನವರು ಶರಣಸಮೂಹದೊಡನೆ ಉಳವಿಯ ಕಾಡನ್ನು ಸೇರಿದರು. ಶಿವನು ಸನ್ನಿಹಿತನೆಂದು ನಂಬಿ ಬಾಳಿದ ಜನಕ್ಕೇ ಇಂಥ ದುರ್ದಿನ ಬಂದಿತೇಕೆ? ಬಂದ ಮೇಲೆ ಅವರ ನಂಬುಗೆ ಏನಾಯಿತು? ಈ ಎರಡು ಪ್ರಶ್ನೆಗಳು ಭಕ್ತನಿಗೂ ಸಾಹಿತ್ಯದ ವಿದ್ಯಾರ್ಥಿಗೂ ಸಮಾನವಾಗಿ ಸಂಬಂಧಿಸಿದವು.

ನಂಬುಗೆಯ ಸ್ವರೂಪ

ದೈವವನ್ನು ನಂಬುವುದೆಂದರೆ ಏನು ಎಂಬುದರ ಬಗ್ಗೆ ಲೋಕದಲ್ಲಿ ಎರಡು ತಪ್ಪು ಗ್ರಹಿಕೆಗಳು ಬಳಕೆಯಲ್ಲಿವೆ. ನಂಬಿದವನಿಗೆ ಕಷ್ಟವೇ ಬಾರದೆಂಬುದು ಒಂದು. ಬಂದುದನ್ನು ಹಣೆಬರಹವೆಂದು ಕೈಕಟ್ಟಿ ಕುಳಿತು ಅನುಭವಿಸುವುದೇ ನಂಬುಗೆ ಎಂಬುದು ಇನ್ನೊಂದು. ಮೊದಲನೆಯದು ಭಕ್ತಿಯನ್ನು ವ್ಯಾಪಾರವಾಗಿಸುತ್ತದೆ, ಎರಡನೆಯದು ಅದನ್ನು ಜಡತೆಯಾಗಿಸುತ್ತದೆ. ಶರಣರು ಎರಡನ್ನೂ ಒಪ್ಪಿದವರಲ್ಲ. ಕಷ್ಟ ಪರಿಹಾರಕ್ಕಾಗಿ ಹಲವು ದೈವಗಳಿಗೆ ಹರಕೆ ಹೊರುವುದನ್ನೂ, ತಿಥಿವಾರ ನಕ್ಷತ್ರಗಳಿಗೆ ಅಂಜುವುದನ್ನೂ ಅವರು ಖಂಡಿಸಿದರು. ದುಡಿಯದೆ ಉಣ್ಣುವುದನ್ನೂ ಅಷ್ಟೇ ಕಟುವಾಗಿ ಖಂಡಿಸಿದರು.

ಷಟ್‌ಸ್ಥಲ ಸಿದ್ಧಾಂತದಲ್ಲಿ ನಂಬುಗೆಯ ಬೆಳವಣಿಗೆಗೆ ಒಂದು ಕ್ರಮವಿದೆ. ಭಕ್ತಸ್ಥಲದಲ್ಲಿ ಅದು ಶ್ರದ್ಧೆ; ಮಾಹೇಶ್ವರಸ್ಥಲದಲ್ಲಿ ನಿಷ್ಠೆ; ಪ್ರಸಾದಿಸ್ಥಲದಲ್ಲಿ ಅವಧಾನ; ಪ್ರಾಣಲಿಂಗಿಸ್ಥಲದಲ್ಲಿ ಅನುಭಾವ; ಶರಣಸ್ಥಲದಲ್ಲಿ ಆನಂದ; ಐಕ್ಯಸ್ಥಲದಲ್ಲಿ ಸಮರಸ. ಕಷ್ಟದ ದೃಷ್ಟಿಯಿಂದ ಈ ಕ್ರಮವನ್ನು ನೋಡಿದರೆ ಒಂದು ಅಂಶ ಸ್ಪಷ್ಟವಾಗುತ್ತದೆ. ಶ್ರದ್ಧೆ ಸುಖದಲ್ಲಿಯೂ ಹುಟ್ಟಬಹುದು. ಅದು ನಿಷ್ಠೆಯಾಗಿ ಗಟ್ಟಿಗೊಳ್ಳಬೇಕಾದರೆ ಪರೀಕ್ಷೆ ಬೇಕು. ಮಾಹೇಶ್ವರನು ಧನ, ಪ್ರಾಣ, ಮಾನ ಇವುಗಳ ಭಯಕ್ಕೆ ಅಲುಗದವನು. ಆದರೆ ಅಲುಗದಿರುವುದರಲ್ಲಿಯೂ ಒಂದು ಬಿಗಿ ಇರುತ್ತದೆ. ಪ್ರಸಾದಿಯ ನೆಲೆಯಲ್ಲಿ ಆ ಬಿಗಿ ಸಡಿಲುತ್ತದೆ. ಬಂದ ಸುಖವನ್ನೂ ದುಃಖವನ್ನೂ ಲಿಂಗಕ್ಕೆ ಅರ್ಪಿಸಿ ಪ್ರಸಾದವಾಗಿ ಸ್ವೀಕರಿಸುವ ಎಚ್ಚರವೇ ಅಲ್ಲಿಯ ಅವಧಾನ. ಅರ್ಪಿಸುವುದು ಒಂದು ಕ್ರಿಯೆ. ಅದರಲ್ಲಿ ಭಕ್ತನು ನಿಷ್ಕ್ರಿಯನಲ್ಲ. ಕಹಿಯನ್ನು ಕಹಿಯಲ್ಲವೆಂದು ಅವನು ಹೇಳುವುದಿಲ್ಲ. ಅದನ್ನು ಒಬ್ಬನೇ ಉಣ್ಣುತ್ತಿಲ್ಲವೆಂಬ ಅರಿವು ಅವನದು.

ಈ ಅರಿವಿಗೆ ಆಧಾರ ಇಷ್ಟಲಿಂಗ. ಗುಡಿಯ ದೇವರನ್ನು ಕಾಣಲು ಪಯಣ ಬೇಕು, ಪೂಜಾರಿ ಬೇಕು, ಬಾಗಿಲು ತೆರೆದಿರಬೇಕು. ಅಂಗೈಯ ಲಿಂಗಕ್ಕೆ ಇವಾವುವೂ ಬೇಕಿಲ್ಲ. ಊರು ಬಿಟ್ಟು ಓಡಬೇಕಾದವನೂ, ಸೆರೆಯಲ್ಲಿರುವವನೂ, ರೋಗಶಯ್ಯೆಯಲ್ಲಿರುವವನೂ ತನ್ನ ದೇವರೊಡನೆಯೇ ಇರುತ್ತಾನೆ. ದೇವರ ಸಾನ್ನಿಧ್ಯವೆಂಬ ತತ್ತ್ವವನ್ನು ಶರಣರು ದೇಹದ ಮೇಲೆಯೇ ಧರಿಸಿದರೆಂದರೆ ತಪ್ಪಾಗದು. ಕಲ್ಯಾಣದ ವಿಪತ್ತಿನಲ್ಲಿ ಈ ತತ್ತ್ವವು ಎಂಥ ಬಲವಾಯಿತೆಂಬುದು ಮುಂದೆ ವ್ಯಕ್ತವಾಗುವುದು.

ಇನ್ನೊಂದು ಮಾತು. ನಂಬಿದವನು ಅಳಬಾರದೆಂಬ ನಿರ್ಬಂಧ ವಚನಗಳಲ್ಲಿ ಎಲ್ಲಿಯೂ ಇಲ್ಲ. ಮರಣಕ್ಕೂ ಅಂಜದ ಕೆಚ್ಚನ್ನು ತೋರುವ ಬಸವಣ್ಣನವರೇ ತಮ್ಮ ಮನಸ್ಸಿನ ಚಾಂಚಲ್ಯವನ್ನು, ಸಂಸಾರದ ಸುಳಿಯಲ್ಲಿ ಸಿಕ್ಕ ತಮ್ಮ ಅಸಹಾಯಕತೆಯನ್ನು, ಕೂಗಿದರೂ ಓಗೊಡದ ದೇವರ ಮೇಲಿನ ಮುನಿಸನ್ನು ಮುಚ್ಚುಮರೆಯಿಲ್ಲದೆ ತೋಡಿಕೊಂಡಿದ್ದಾರೆ. ಅವರ ಭಕ್ತಸ್ಥಲದ ವಚನಗಳ ಬಹುಭಾಗ ಇಂಥ ಆರ್ತಭಾವದ್ದು. ಮೊರೆಯಿಡುವುದು ಅಪನಂಬಿಕೆಯ ಚಿಹ್ನೆಯಲ್ಲ. ಕೇಳುವವನು ಇದ್ದಾನೆಂಬ ನಂಬುಗೆಯಿದ್ದಲ್ಲಿ ಮಾತ್ರ ಮೊರೆ ಹುಟ್ಟುತ್ತದೆ.

ಸೊನ್ನಲಿಗೆಯ ಬಾಲಕ

ರಾಘವಾಂಕನ ‘ಸಿದ್ಧರಾಮ ಚಾರಿತ್ರ’ದ ಆರಂಭಭಾಗ ಈ ದೃಷ್ಟಿಯಿಂದ ಮನನೀಯವಾದುದು. ಮುದ್ದುಗೌಡ ಸುಗ್ಗವ್ವೆಯರ ಮಗ ಸಿದ್ಧರಾಮ ಲೋಕದ ಕಣ್ಣಿಗೆ ಮುಗ್ಧ, ಮಾತು ಕಡಿಮೆ. ದನ ಕಾಯುವ ಆ ಬಾಲಕನ ಬಳಿಗೆ ಒಬ್ಬ ಜಂಗಮ ಬಂದು, ತನ್ನ ಹೆಸರು ಮಲ್ಲಯ್ಯನೆಂದು ಹೇಳಿ, ಹಸಿವೆಂದು ತೆನೆಯನ್ನು ಬೇಡುತ್ತಾನೆ. ಅದನ್ನು ಉಂಡು, ಒಡಲಿನ ಬೇಗೆ ಆರಲು ಮಜ್ಜಿಗೆಯ ಊಟ ಬೇಕೆನ್ನುತ್ತಾನೆ. ಬಾಲಕ ಮನೆಗೆ ಓಡಿ ತಂದು ನೋಡಿದರೆ ಹೊಲದಲ್ಲಿ ಮಲ್ಲಯ್ಯನಿಲ್ಲ. ಕೂಗುತ್ತ ಅಲೆಯುತ್ತಿರುವ ಹುಡುಗನಿಗೆ ಶ್ರೀಶೈಲದ ಯಾತ್ರಿಕರು ಸಿಕ್ಕು, ಮಲ್ಲಯ್ಯನನ್ನು ತೋರಿಸುತ್ತೇವೆಂದು ಕರೆದೊಯ್ಯುತ್ತಾರೆ. ಅಲ್ಲಿ ಅವರು ತೋರಿಸಿದ ಮಲ್ಲಿಕಾರ್ಜುನಲಿಂಗವನ್ನು ಕಂಡು, ತನ್ನ ಮಲ್ಲಯ್ಯ ಇವನಲ್ಲವೆಂದು ಬಾಲಕ ಗಿರಿಯೆಲ್ಲ ಹುಡುಕುತ್ತಾನೆ. ಎಲ್ಲಿಯೂ ಕಾಣದೆ ಕೊನೆಗೆ ಕಮರಿಯೊಂದಕ್ಕೆ ಹಾರಲು ಮುಂದಾಗುತ್ತಾನೆ. ಆಗ ಮಲ್ಲಿಕಾರ್ಜುನನೇ ಬಂದು ಕೈಹಿಡಿಯುತ್ತಾನೆ.

ಈ ಕಥೆಯನ್ನು ಪವಾಡವೆಂದು ಭಕ್ತಿಯಿಂದ ಓದುವವರಿದ್ದಾರೆ. ಮುಗ್ಧಭಕ್ತಿಯ ಮನೋಹರ ಚಿತ್ರವೆಂದು ಕಾವ್ಯದೃಷ್ಟಿಯಿಂದ ಮೆಚ್ಚುವವರಿದ್ದಾರೆ. ಇದರಲ್ಲಿ ಎರಡು ಅಂಶಗಳು ವಿಶೇಷ ವಿಚಾರಕ್ಕೆ ಅರ್ಹವಾಗಿವೆ. ಬಾಲಕನಿಗೆ ದೊರೆತದ್ದು ಹುಡುಕಾಟದ ಆರಂಭದಲ್ಲಿ ಅಲ್ಲ, ಅದರ ತುದಿಯಲ್ಲಿ. ದೇವರು ಕಣ್ಣಿಗೆ ಮರೆಯಾಗಿದ್ದ ಕಾಲವೂ ದೇವರ ಕಥೆಯ ಒಂದು ಭಾಗವೇ ಎಂಬುದನ್ನು ರಾಘವಾಂಕ ಆತುರಪಡದೆ ಹೇಳುತ್ತಾನೆ. ಹುಡುಗನ ಅಳು, ಅಲೆದಾಟ, ಎದುರಾದವರನ್ನೆಲ್ಲ ಕೇಳುವ ಪರಿ ಇವೆಲ್ಲಕ್ಕೂ ಕಾವ್ಯದಲ್ಲಿ ಅವಕಾಶವಿದೆ.

ಎರಡನೆಯ ಅಂಶ ಇನ್ನೂ ಮುಖ್ಯವಾದುದು. ಕೈಹಿಡಿದ ಮಲ್ಲಿಕಾರ್ಜುನನು ಬಾಲಕನನ್ನು ಶ್ರೀಶೈಲದಲ್ಲಿ ಉಳಿಸಿಕೊಳ್ಳಲಿಲ್ಲ. ಸೊನ್ನಲಿಗೆಗೆ ಹಿಂದಿರುಗಿ ಅದನ್ನೇ ಪುಣ್ಯಕ್ಷೇತ್ರವಾಗಿ ಮಾಡೆಂದು ಕಳುಹಿಸಿದನು. ಸಿದ್ಧರಾಮೇಶ್ವರರು ಹಿಂದಿರುಗಿ ಗುಡಿ ಕಟ್ಟಿಸಿದರು, ಕೆರೆ ತೋಡಿಸಿದರು, ಛತ್ರಗಳನ್ನು ನಡೆಸಿದರು. ಮಳೆ ಕಡಿಮೆಯಾದ ಆ ಸೀಮೆಯಲ್ಲಿ ಕೆರೆಯೆಂಬುದು ಜೀವದಾನ. ಇಂದಿನ ಸೊಲ್ಲಾಪುರದ ನಡುವೆ ನೀರಿನಿಂದ ಸುತ್ತುವರಿದ ಸಿದ್ಧೇಶ್ವರ ದೇವಾಲಯ ಆ ಕಾಯಕದ ನೆನಪನ್ನು ಉಳಿಸಿಕೊಂಡಿದೆ. ಕಮರಿಯ ಅಂಚಿನಲ್ಲಿ ತನ್ನನ್ನು ಹಿಡಿದ ಕೈಯ ಋಣವನ್ನು ಆ ಬಾಲಕ ಬಾಯಾರಿದ ಸಾವಿರಾರು ಜನರ ಬಾಯಿಗೆ ನೀರಾಗಿ ತೀರಿಸಿದನು. ಅಲ್ಲಮಪ್ರಭುದೇವರು ಮುಂದೆ ಸಿದ್ಧರಾಮರನ್ನು ಸಂಧಿಸಿ, ಕೆರೆಕಟ್ಟೆಗಳ ಪುಣ್ಯವನ್ನೂ ಮೀರಿದ ಲಿಂಗಾನುಭಾವದ ಕಡೆಗೆ ಅವರನ್ನು ತಿರುಗಿಸಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿ ಪ್ರಸಿದ್ಧವಾಗಿದೆ. ಅಲ್ಲಮರು ಎಚ್ಚರಿಸಿದ್ದು ಕರ್ಮದ ಅಹಂಕಾರದ ವಿಷಯದಲ್ಲಿ. ಕೆರೆಯ ನೀರು ವ್ಯರ್ಥವೆಂದು ಅವರ ಅಭಿಪ್ರಾಯವಲ್ಲ.

ನಾಳೆಯ ಅಕ್ಕಿ

ದೈವವು ಸಲಹುತ್ತದೆಂಬ ನಂಬುಗೆ ನಿತ್ಯಜೀವನದಲ್ಲಿ ಹೇಗಿರಬೇಕೆಂಬುದಕ್ಕೆ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಪ್ರಸಂಗಕ್ಕಿಂತ ಉತ್ತಮ ನಿದರ್ಶನ ದೊರೆಯುವುದು ಕಷ್ಟ. ಇವರು ರಾಯಚೂರು ಜಿಲ್ಲೆಯ ಅಮರೇಶ್ವರ ಕ್ಷೇತ್ರದಿಂದ ಕಲ್ಯಾಣಕ್ಕೆ ಬಂದವರು. ಲಕ್ಕಮ್ಮನವರ ವಚನಗಳ ಅಂಕಿತದಲ್ಲಿ ಪತಿಯ ಹೆಸರೂ ಅಮರೇಶ್ವರನ ಹೆಸರೂ ಕೂಡಿಕೊಂಡಿವೆ. ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದ ಜಂಗಮದಾಸೋಹ ಮಾಡುವುದು ಮಾರಯ್ಯನವರ ಕಾಯಕ. ಇದಕ್ಕಿಂತ ಅನಿಶ್ಚಿತವಾದ ಜೀವನೋಪಾಯವನ್ನು ಊಹಿಸುವುದು ಕಷ್ಟ. ನಾಳೆ ಅಂಗಳದಲ್ಲಿ ಅಕ್ಕಿ ಬೀಳದಿದ್ದರೆ ಒಲೆ ಹೊತ್ತುವಂತಿಲ್ಲ.

ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಬಡವರ ಮನೆಯಲ್ಲಿ ಇದಕ್ಕೆ ಸಂತೋಷಪಡಬೇಕಾದದ್ದು ಸಹಜ. ಲಕ್ಕಮ್ಮನವರು ಸಂತೋಷಪಡಲಿಲ್ಲ. ಇಂದಿನ ಅಗತ್ಯಕ್ಕೆ ಮೀರಿದ್ದು ಆಸೆಯ ಫಲವೆಂದು ತಿಳಿಸಿ, ಹೆಚ್ಚಿನ ಅಕ್ಕಿಯನ್ನು ಇದ್ದಲ್ಲಿಗೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿಸಿದರು. ಬಸವಣ್ಣನವರು ದಂಪತಿಗಳನ್ನು ಪರೀಕ್ಷಿಸಲು ಬೇಕೆಂದೇ ಹೆಚ್ಚು ಅಕ್ಕಿಯನ್ನು ಚೆಲ್ಲಿಸಿದ್ದರೆಂದು ಪರಂಪರೆ ಹೇಳುತ್ತದೆ.

ಈ ಪ್ರಸಂಗವನ್ನು ಬಡತನದ ಪ್ರಶಂಸೆಯೆಂದು ತಿಳಿಯುವುದು ಅಸಮರ್ಪಕ. ಲಕ್ಕಮ್ಮನವರು ಬಡತನವೆಂಬ ಶಬ್ದವನ್ನೇ ತಮಗೆ ಅನ್ವಯಿಸಿಕೊಳ್ಳಲು ಒಪ್ಪುವವರಲ್ಲ. ಶುದ್ಧಚಿತ್ತದಿಂದ ಕಾಯಕ ಮಾಡುವವರಿಗೆ ಎತ್ತ ನೋಡಿದರೂ ಸಿರಿಯೇ ಎಂಬ ನಿಲುವು ಅವರ ವಚನಗಳಲ್ಲಿ ವ್ಯಕ್ತವಾಗಿದೆ. ಸಂಗ್ರಹವು ಭಯದಿಂದ ಹುಟ್ಟುತ್ತದೆ. ನಾಳೆ ತನ್ನನ್ನು ಸಲಹುವವರಿಲ್ಲವೆಂಬ ಭಯ ಅದರ ಬೇರು. ಆ ಭಯವನ್ನು ಬಿಟ್ಟರೆ ಹೆಚ್ಚಿನ ಅಕ್ಕಿಯ ಅಗತ್ಯವಿಲ್ಲ. ಆದರೆ ನಾಳೆಯ ಕಾಯಕವನ್ನು ಬಿಡುವ ಅವಕಾಶವೂ ಇಲ್ಲ. ಮಾರಯ್ಯನವರು ಮಾತಿನಲ್ಲಿ ಮೈಮರೆತು ಕಾಯಕಕ್ಕೆ ತಡಮಾಡಿದಾಗ ಅವರನ್ನು ಎಚ್ಚರಿಸಿ ಕಳುಹಿಸಿದವರೂ ಲಕ್ಕಮ್ಮನವರೇ ಎಂಬುದನ್ನು ಇಲ್ಲಿ ಕೂಡಿಸಿ ನೋಡಬೇಕು. ಕೂಡಿಡಬಾರದು, ಕೈಬಿಡಲೂಬಾರದು. ಈ ಎರಡು ವಿಧಿಗಳ ನಡುವೆ ಶರಣರ ನಂಬುಗೆ ನಡೆಯುತ್ತದೆ. ಕಟ್ಟಿಗೆ ಮಾರಿ ಬದುಕಿದ ಮೋಳಿಗೆ ಮಾರಯ್ಯನವರು ತಮ್ಮ ಗುಡಿಸಲಿನಲ್ಲಿ ಬಸವಣ್ಣನವರು ಗುಟ್ಟಾಗಿ ಇರಿಸಿಹೋದ ಹೊನ್ನನ್ನು ತಮ್ಮದಾಗಿ ಮಾಡಿಕೊಳ್ಳಲಿಲ್ಲವೆಂಬ ಕಥೆಯೂ ಇದೇ ಧ್ವನಿಯದು.

ಕಲ್ಯಾಣದ ಕ್ಷೋಭೆ

ವ್ಯಕ್ತಿಯ ಕಷ್ಟಕ್ಕಿಂತ ಸಮುದಾಯದ ಕಷ್ಟ ನಂಬುಗೆಯನ್ನು ಹೆಚ್ಚು ಕಠಿಣವಾಗಿ ಪರೀಕ್ಷಿಸುತ್ತದೆ. ಒಬ್ಬನ ಮನೆ ಸುಟ್ಟರೆ ನೆರೆಯವರು ನೆರವಾಗಬಹುದು. ಊರೇ ಸುಟ್ಟರೆ ನೆರೆಯವರೆಲ್ಲಿ? ಕ್ರಿ.ಶ. 1167-68ರ ಸುಮಾರಿಗೆ ಕಲ್ಯಾಣದಲ್ಲಿ ಸಂಭವಿಸಿದ್ದು ಅಂಥ ವಿಪತ್ತು.

ಘಟನೆಗಳ ವಿವರಗಳಲ್ಲಿ ಆಕರಗಳಿಗೆ ಒಮ್ಮತವಿಲ್ಲ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿ ಬಿಜ್ಜಳನು ಇಬ್ಬರು ಭಕ್ತರ ಕಣ್ಣು ಕೀಳಿಸಿದ ಪ್ರಸಂಗವೂ, ಅದರ ಪರಿಣಾಮವಾಗಿ ಜಗದೇವನೇ ಮೊದಲಾದವರಿಂದ ಬಿಜ್ಜಳನ ವಧೆಯೂ ನಿರೂಪಿತವಾಗಿವೆ. ಹರಳಯ್ಯ ಮಧುವರಸರ ಮಕ್ಕಳ ವಿವಾಹದ ಕಥೆ ನಂತರದ ಪುರಾಣಗಳಲ್ಲಿ ವಿಸ್ತಾರಗೊಂಡಿದೆ. ಜೈನ ಪರಂಪರೆಯ ಬಿಜ್ಜಳರಾಯ ಚರಿತೆ ಇದೇ ಅಂತ್ಯವನ್ನು ಬೇರೊಂದು ದೃಷ್ಟಿಯಿಂದ ಹೇಳುತ್ತದೆ. ಶಾಸನಗಳಿಂದ ತಿಳಿಯುವುದು ಇಷ್ಟು: ಬಿಜ್ಜಳನ ಆಳ್ವಿಕೆ ಈ ವೇಳೆಗೆ ಮುಗಿದು ಅವನ ಮಗ ಸೋವಿದೇವನು ಪಟ್ಟಕ್ಕೆ ಬಂದನು, ಒಂದೂವರೆ ದಶಕ ಕಳೆಯುವಷ್ಟರಲ್ಲಿ ಕಲಚುರಿಗಳ ಪ್ರಭುತ್ವವೇ ಅಳಿದು ಚಾಲುಕ್ಯ ನಾಲ್ಕನೆಯ ಸೋಮೇಶ್ವರನು ಮತ್ತೆ ತಲೆಯೆತ್ತಿದನು. ಶರಣರ ಚದುರುವಿಕೆಯ ಹೆಜ್ಜೆಗಳನ್ನು ಶಾಸನಗಳಿಗಿಂತ ಹೆಚ್ಚಾಗಿ ಸ್ಥಳಪರಂಪರೆಗಳು ಕಾಪಾಡಿಕೊಂಡಿವೆ. ಉಳವಿಯಲ್ಲಿ ಚೆನ್ನಬಸವಣ್ಣನವರ, ಕಕ್ಕೇರಿಯಲ್ಲಿ ಡೋಹರ ಕಕ್ಕಯ್ಯನವರ, ಎಣ್ಣೆಹೊಳೆಯಲ್ಲಿ ಅಕ್ಕನಾಗಮ್ಮನವರ, ತಂಗಡಗಿಯಲ್ಲಿ ನೀಲಾಂಬಿಕೆಯವರ ನೆನಪಿನ ಸ್ಥಾನಗಳು ಇಂದಿಗೂ ಭಕ್ತರ ಯಾತ್ರಾಸ್ಥಳಗಳಾಗಿವೆ. ಭೂಪಟದ ಮೇಲೆ ಈ ಊರುಗಳನ್ನು ಗುರುತಿಸಿ ನೋಡಿದರೆ ಒಡೆದ ಒಂದು ಮಹಾಮನೆಯ ಚೂರುಗಳು ಎಲ್ಲೆಲ್ಲಿ ಸಿಡಿದವೆಂಬುದು ಮನಸ್ಸಿಗೆ ತಟ್ಟುತ್ತದೆ.

ಈ ಹಿನ್ನೆಲೆಯಲ್ಲಿ ನೀಲಾಂಬಿಕೆಯವರ ಪ್ರಸಂಗ ಅತ್ಯಂತ ಅರ್ಥಪೂರ್ಣವಾದುದು. ಸಂಗಮವನ್ನು ಸೇರಿದ ಬಸವಣ್ಣನವರು ಹಡಪದ ಅಪ್ಪಣ್ಣನವರ ಮೂಲಕ ನೀಲಮ್ಮನವರಿಗೆ ಬರಹೇಳಿದರೆಂದು ಪರಂಪರೆ ಹೇಳುತ್ತದೆ. ಆ ಕರೆ ಬಂದಾಗ ನೀಲಮ್ಮನವರು ಎತ್ತಿದ ಪ್ರಶ್ನೆಯ ತಾತ್ಪರ್ಯ ಇದು: ಅಲ್ಲಿ ಇರುವ ಸಂಗಯ್ಯ ಇಲ್ಲಿ ತನ್ನ ಕೈಯಲ್ಲಿ ಇಲ್ಲವೇ? ಅಲ್ಲಿಗೆ ಹೋದರೆ ಮಾತ್ರ ದೊರೆಯುವವನು ಅವನೇ? ಬಳಿಕ ಅವರು ಅಪ್ಪಣ್ಣನವರೊಡನೆ ಹೊರಟು, ಕೃಷ್ಣೆಯ ದಡದ ತಂಗಡಗಿಯಲ್ಲಿದ್ದಾಗ ಬಸವಣ್ಣನವರ ಐಕ್ಯದ ಸುದ್ದಿ ತಿಳಿದು, ಅಲ್ಲಿಯೇ ಇಷ್ಟಲಿಂಗದಲ್ಲಿ ಬಯಲಾದರೆಂಬ ಪ್ರತೀತಿಯಿದೆ.

ನೀಲಮ್ಮನವರ ಪ್ರಶ್ನೆ ಪತಿಯೊಡನೆ ಹೂಡಿದ ವಾದವಲ್ಲ. ಅದು ಬಸವಣ್ಣನವರ ಬೋಧೆಯನ್ನೇ ಅದರ ತುದಿಯವರೆಗೆ ಒಯ್ದ ನಿಲುವು. ಅರಮನೆ ವೈರಿಯಾದಾಗ, ಮಹಾಮನೆ ಬರಿದಾದಾಗ, ಪತಿ ದೂರವಾದಾಗ ಅವರ ಅಂಗೈ ಬರಿದಾಗಲಿಲ್ಲ. ಕಲ್ಯಾಣದಲ್ಲಿ ದೇವರಿದ್ದನು, ಕಲ್ಯಾಣ ಹೋದ ಮೇಲೆ ದೇವರೂ ಹೋದನೆಂದು ಭಾವಿಸುವವರಿಗೆ ಇದಕ್ಕಿಂತ ನೇರವಾದ ಉತ್ತರವಿಲ್ಲ. ದುಃಖ ಅವರಿಗಿರಲಿಲ್ಲವೆಂದು ಹೇಳುವಂತಿಲ್ಲ. ಬಸವಣ್ಣನವರನ್ನು ನೆನೆದು ಅವರು ರಚಿಸಿದ ವಚನಗಳಲ್ಲಿ ಅಗಲಿಕೆಯ ವೇದನೆ ಉದ್ದಕ್ಕೂ ಹರಿದಿದೆ. ವೇದನೆಯೂ ನಂಬುಗೆಯೂ ಒಂದೇ ಎದೆಯಲ್ಲಿ ಒಟ್ಟಿಗಿರಬಲ್ಲವೆಂಬುದಕ್ಕೆ ಆ ವಚನಗಳೇ ಸಾಕ್ಷಿ.

ವಿಪತ್ತಿಗೆ ಮೂರು ಉತ್ತರಗಳು

ಕಲ್ಯಾಣವೇಕೆ ಅಳಿಯಿತೆಂಬ ಪ್ರಶ್ನೆಗೆ ಮುಂದಿನ ಶತಮಾನಗಳ ವೀರಶೈವ ಸಾಹಿತ್ಯ ಮೂರು ಬಗೆಯಾಗಿ ಉತ್ತರಿಸಿತು.

ಮೊದಲನೆಯದು ಪುರಾಣಗಳ ಉತ್ತರ. ಬಸವಣ್ಣನವರು ವೃಷಭಾವತಾರರು, ಕೈಲಾಸದಿಂದ ನಿಯೋಜಿತರಾಗಿ ಬಂದು, ಕಾರ್ಯ ಮುಗಿದೊಡನೆ ಹಿಂದಿರುಗಿದರು. ಕಲ್ಯಾಣದ ಅಂತ್ಯವೂ ಶಿವಲೀಲೆಯ ಒಂದು ಅಂಕ. 1369ರಲ್ಲಿ ಭೀಮಕವಿ ಸೋಮನಾಥನ ಕೃತಿಯನ್ನು ಕನ್ನಡಕ್ಕೆ ತಂದ ಮೇಲೆ ಈ ದೃಷ್ಟಿ ಜನಮನದಲ್ಲಿ ಆಳವಾಗಿ ನೆಲೆಸಿತು. ಸೋತ ಜನಕ್ಕೆ ತಮ್ಮ ಸೋಲು ಅರ್ಥಹೀನವಲ್ಲವೆಂಬ ಸಮಾಧಾನವನ್ನು ಇದು ಕೊಟ್ಟಿತು. ಆದರೆ ಎಲ್ಲವೂ ಮೊದಲೇ ನಿಶ್ಚಿತವೆಂದರೆ ಶರಣರ ತಳಮಳ, ಆಯ್ಕೆ, ತ್ಯಾಗಗಳ ಬೆಲೆ ಎಷ್ಟು ಎಂಬ ಸಂದೇಹವನ್ನು ಈ ಉತ್ತರ ಪೂರ್ತಿ ಪರಿಹರಿಸದು.

ಎರಡನೆಯದು ಕಾಲಜ್ಞಾನಗಳ ಉತ್ತರ. ಕಲ್ಯಾಣ ಮತ್ತೆ ಏಳುವುದು, ವೀರವಸಂತರಾಯನು ಬರುವನು, ಶರಣರ ರಾಜ್ಯ ಮರಳುವುದು ಎಂಬ ಭವಿಷ್ಯವಾಣಿಗಳು ಚೆನ್ನಬಸವಣ್ಣನವರೇ ಮೊದಲಾದ ಶರಣರ ಹೆಸರಿನಲ್ಲಿ ಪ್ರಚಾರವಾದವು. ಕೊಡೇಕಲ್ಲ ಬಸವಣ್ಣನವರ ಪರಂಪರೆಯಲ್ಲಿ ಈ ಸಾಹಿತ್ಯ ವಿಶೇಷವಾಗಿ ಬೆಳೆಯಿತು. ನಾಶವಾದುದು ಮರಳಿ ಬರುವುದೆಂಬ ಹಂಬಲ ದುಃಖಿತ ಸಮುದಾಯಗಳಿಗೆ ಸಹಜ. ಹಂಬಲವು ಜನರ ಎದೆಯನ್ನು ಬೆಚ್ಚಗಿರಿಸಿತು. ಆದರೆ ಇಂದಿನ ಕೆಲಸವನ್ನು ನಾಳಿನ ವೀರನಿಗೆ ಬಿಟ್ಟುಕೊಡುವ ಅಪಾಯವೂ ಅದರಲ್ಲಿತ್ತು.

ಮೂರನೆಯ ಉತ್ತರ ಗ್ರಂಥದಲ್ಲಿ ಹೇಳಿದ್ದಲ್ಲ, ಗ್ರಂಥಗಳನ್ನೇ ಉಳಿಸಿ ತೋರಿಸಿದ್ದು. ಚದುರಿದ ಶರಣರು ಓಲೆಗರಿಯ ಕಟ್ಟುಗಳನ್ನು ಹೊತ್ತು ಕಾಡು ಸೇರಿದರೆಂದೂ, ಮಡಿವಾಳ ಮಾಚಯ್ಯನವರು ಹಿಂಬಾಲಿಸಿದ ಸೈನ್ಯವನ್ನು ತಡೆದು ಅವನ್ನು ಕಾದರೆಂದೂ ಪರಂಪರೆ ನಂಬಿದೆ. ಹೊತ್ತವರ ಹೆಸರುಗಳೆಲ್ಲ ತಿಳಿಯದಿದ್ದರೂ ಹೊತ್ತದ್ದಂತೂ ನಿಜ. ಇಲ್ಲದಿದ್ದರೆ ಸಾವಿರಾರು ವಚನಗಳು ನಮ್ಮವರೆಗೆ ಬರುವ ಬಗೆಯಿರಲಿಲ್ಲ. ಓಲೆಗರಿಯ ಆಯುಷ್ಯ ಅಲ್ಪ. ಹುಳು, ತೇವ, ಬೆಂಕಿ ಇವುಗಳಿಂದ ತಪ್ಪಿಸಿ, ತಲೆಮಾರಿಗೊಮ್ಮೆ ಹೊಸ ಗರಿಗೆ ಪ್ರತಿಮಾಡದೆ ಯಾವ ಗ್ರಂಥವೂ ಉಳಿಯದು. ಹಾಗೆ ಪ್ರತಿಮಾಡಿದ ಲಿಪಿಕಾರರಲ್ಲಿ ಬಹುಮಂದಿ ಅಜ್ಞಾತರು. ಓದುವವರು ಯಾವಾಗ ಬರುವರೋ, ಬರುವರೋ ಇಲ್ಲವೋ ತಿಳಿಯದೆ ಕಂಟದಿಂದ ಗರಿಯ ಮೇಲೆ ಅಕ್ಷರ ಕೊರೆದ ಆ ಕೈಗಳ ನಂಬುಗೆ ಮಹಾಕವಿಗಳ ನಂಬುಗೆಗಿಂತ ಕಡಿಮೆಯದಲ್ಲ.

ಅವರ ಶ್ರಮಕ್ಕೆ ಹದಿನೈದನೆಯ ಶತಮಾನದಲ್ಲಿ ಫಲ ಕಾಣಿಸಿಕೊಂಡಿತು. ವಿಜಯನಗರದ ಪ್ರೌಢದೇವರಾಯನ ಆಳ್ವಿಕೆಯ (1424-1446) ಕಾಲದಲ್ಲಿ ಲಕ್ಕಣ್ಣ ದಂಡೇಶ, ಜಕ್ಕಣಾರ್ಯರಂಥ ಅಧಿಕಾರಿಗಳೂ, ನೂರೊಂದು ವಿರಕ್ತರೆಂದು ಹೆಸರಾದ ಮಹಾನುಭಾವರೂ ಚದುರಿದ ವಚನಗಳನ್ನು ಕಲೆಹಾಕಿ, ಸ್ಥಲಕಟ್ಟಿಗೆ ಅಳವಡಿಸಿ, ವ್ಯಾಖ್ಯಾನಿಸಿದರು. ಚಾಮರಸನು ‘ಪ್ರಭುಲಿಂಗಲೀಲೆ’ಯನ್ನು ರಚಿಸಿದನು. ಆ ಶತಮಾನದಲ್ಲೇ ಶಿವಗಣಪ್ರಸಾದಿ ಮಹಾದೇವಯ್ಯನವರು ವಚನಗಳನ್ನು ಸಂವಾದರೂಪದಲ್ಲಿ ಹೆಣೆದು ಶೂನ್ಯಸಂಪಾದನೆಯನ್ನು ಸಿದ್ಧಪಡಿಸಿದರು. ಮುಂದೆ ಹಲಗೆಯಾರ್ಯರು, ಗುಮ್ಮಳಾಪುರದ ಸಿದ್ಧಲಿಂಗಯತಿಗಳು, ಗೂಳೂರು ಸಿದ್ಧವೀರಣ್ಣೊಡೆಯರು ಅದನ್ನು ಪರಿಷ್ಕರಿಸಿದರು. ಇಲ್ಲಿ ಸಾಹಿತ್ಯದ ವಿದ್ಯಾರ್ಥಿ ಗಮನಿಸಬೇಕಾದ ಸಂಗತಿಯೊಂದಿದೆ. ಇತಿಹಾಸದಲ್ಲಿ ಒಡೆದುಹೋದ ಅನುಭವಗೋಷ್ಠಿಯನ್ನು ಈ ಸಂಪಾದಕರು ಗ್ರಂಥದೊಳಗೆ ಮರಳಿ ಕೂಡಿಸಿದರು. ಶರಣರು ಮತ್ತೆ ಒಂದೆಡೆ ಕುಳಿತು, ಮತ್ತೆ ಪ್ರಶ್ನಿಸಿ, ಮತ್ತೆ ಉತ್ತರಿಸಿದರು. ಕಾಲಜ್ಞಾನಿಗಳು ಹಂಬಲಿಸಿದ ಕಲ್ಯಾಣ ಭೂಮಿಯ ಮೇಲೆ ಮರಳಲಿಲ್ಲ; ಓಲೆಗರಿಯ ಮೇಲೆ ಮರಳಿತು.

ಇಪ್ಪತ್ತನೆಯ ಶತಮಾನದ ಸಾಕ್ಷಿ

ಅದೇ ಮೂರನೆಯ ಉತ್ತರವನ್ನು ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ನೀಡಿದವರು ಫ.ಗು. ಹಳಕಟ್ಟಿಯವರು (1880-1964). ಧಾರವಾಡದಲ್ಲಿ ಜನಿಸಿ, ವಿಜಾಪುರದಲ್ಲಿ ವಕೀಲರಾಗಿ ನೆಲೆಸಿದ ಅವರಿಗೆ ಒಳ್ಳೆಯ ಆದಾಯದ ದಾರಿ ತೆರೆದಿತ್ತು. ಸಾರ್ವಜನಿಕ ಕಾರ್ಯದಲ್ಲಿಯೂ ಅವರು ಮುಂದಾಳು. ವಿಜಾಪುರ ಜಿಲ್ಲೆಯ ಶಿಕ್ಷಣಕ್ಕಾಗಿ 1910ರಲ್ಲಿ ಸ್ಥಾಪಿತವಾದ ಲಿಂಗಾಯತ ವಿದ್ಯಾಸಂಸ್ಥೆಗೆ ಅವರೇ ಮೂಲಪುರುಷರು. ಮಠಗಳಲ್ಲಿ, ಭಕ್ತರ ಮನೆಗಳ ಜಗುಲಿಗಳಲ್ಲಿ ಪೂಜೆಗೊಳ್ಳುತ್ತಿದ್ದ, ಆದರೆ ಓದುವವರಿಲ್ಲದೆ ಸವೆಯುತ್ತಿದ್ದ ಓಲೆಗರಿಗಳನ್ನು ಕಂಡ ಮೇಲೆ ಅವರ ಜೀವನದ ದಿಕ್ಕು ಬದಲಾಯಿತು. ಊರೂರು ಅಲೆದು ಕಟ್ಟುಗಳನ್ನು ಕೂಡಿಸಿ, ನಕಲುಮಾಡಿ, ಹೋಲಿಸಿ ನೋಡಿ ಅವರು ಸಿದ್ಧಪಡಿಸಿದ ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು.

ಮುದ್ರಣಕ್ಕೆ ಪರಾವಲಂಬನೆ ತಪ್ಪಬೇಕೆಂದು ಅವರು ತಮ್ಮ ಮನೆಯನ್ನೇ ಮಾರಿ 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭವಾಯಿತು. ಅದೇ ವರ್ಷ ಬಳ್ಳಾರಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯ ಗೌರವ ಅವರಿಗೆ ಸಂದಿತು. ಗೌರವ ಸಂದರೂ ಕಷ್ಟ ತೀರಲಿಲ್ಲ. ಚಂದಾದಾರರು ಕಡಿಮೆ, ಖರ್ಚು ಹೆಚ್ಚು. ವಕೀಲಿಯ ಆದಾಯ ಹಿಂದೆ ಬಿದ್ದಿತ್ತು. ಉಟ್ಟ ಬಟ್ಟೆಯಲ್ಲಿಯೂ ಬಡತನ ಕಾಣುವಂತಾಯಿತು. ಆದರೂ ಪತ್ರಿಕೆ ದಶಕಗಳ ಕಾಲ ಹೊರಬರುತ್ತಲೇ ಇತ್ತು, ಒಂದೊಂದೇ ಶರಣರ ವಚನಗಳು ಬೆಳಕು ಕಾಣುತ್ತಲೇ ಇದ್ದವು.

ಹಳಕಟ್ಟಿಯವರು ತಮ್ಮ ಕಷ್ಟಗಳು ನೀಗಲೆಂದು ಕಾದು ಕುಳಿತವರಲ್ಲ. ಕಷ್ಟದ ನಡುವೆಯೇ ನಾಳಿನ ಪ್ರೂಫು ತಿದ್ದುವುದು ಅವರ ಶಿವಪೂಜೆಯಾಗಿತ್ತು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 1964ರ ಜೂನ್ 29ರಂದು ಅವರು ಲಿಂಗೈಕ್ಯರಾದರು. ಅವರು ಹಾಕಿದ ತಳಹದಿಯ ಮೇಲೆ ಅನೇಕ ವಿದ್ವಾಂಸರು ದುಡಿದುದರ ಫಲವಾಗಿ 1993ರಲ್ಲಿ ಕರ್ನಾಟಕ ಸರ್ಕಾರ ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಪ್ರಕಟಿಸಿತು. ಕಲ್ಯಾಣದಿಂದ ಓಡುವಾಗ ಬಗಲಲ್ಲಿ ಹೊತ್ತ ಕಟ್ಟು ಎಂಟು ಶತಮಾನಗಳ ನಂತರ ಪ್ರತಿಯೊಂದು ಗ್ರಂಥಾಲಯದ ಕಪಾಟಿಗೆ ಬಂದು ತಲಪಿತು.

ಉಪಸಂಹಾರ

ಈ ಅವಲೋಕನದಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಶರಣರ ನಂಬುಗೆ ಕಷ್ಟವನ್ನು ನಿರಾಕರಿಸಲಿಲ್ಲ. ಸಿದ್ಧರಾಮರ ಕಮರಿ, ಲಕ್ಕಮ್ಮನವರ ಬರಿಯ ಮಡಕೆ, ನೀಲಮ್ಮನವರ ಅಗಲಿಕೆ ಎಲ್ಲವೂ ನಿಜವಾದ ಕಷ್ಟಗಳೇ. ಅವುಗಳಿಂದ ಪಾರಾಗುವುದಕ್ಕಿಂತ ಅವುಗಳ ನಡುವೆ ಶಿವನಿಂದ ಅಗಲದಿರುವುದನ್ನು ಅವರು ಮುಖ್ಯವೆಂದು ಎಣಿಸಿದರು. ಸಲಹುವವನು ಶಿವನೆಂದು ಅರಿತವರು ಸಲಹುವ ಕೈಗಳಲ್ಲಿ ತಮ್ಮವೂ ಸೇರಿವೆಯೆಂದು ಅರಿತಿದ್ದರು. ಆದುದರಿಂದಲೇ ಅವರ ನಂಬುಗೆ ಕೆರೆಯಾಯಿತು, ದಾಸೋಹವಾಯಿತು, ಗ್ರಂಥವಾಯಿತು.

ಫಲವನ್ನು ಕಣ್ಣಾರೆ ಕಾಣುವ ಭಾಗ್ಯ ಎಲ್ಲರಿಗೂ ಇರಲಿಲ್ಲವೆಂಬುದನ್ನೂ ಒಪ್ಪಿಕೊಳ್ಳಬೇಕು. ಉಳವಿಯ ದಾರಿಯಲ್ಲಿ ಬಿದ್ದವರು ಪ್ರೌಢದೇವರಾಯನ ಕಾಲವನ್ನು ಕಾಣಲಿಲ್ಲ. ಹೆಸರಿಲ್ಲದ ಲಿಪಿಕಾರರು ಹಳಕಟ್ಟಿಯವರನ್ನು ಕಾಣಲಿಲ್ಲ. ಹಳಕಟ್ಟಿಯವರು 15 ಸಂಪುಟಗಳನ್ನು ಕಾಣಲಿಲ್ಲ. ದೈವದ ಯೋಜನೆ ಒಂದು ಜೀವಮಾನದ ಅಳತೆಗೆ ಸಿಕ್ಕುವಂಥದಲ್ಲ. ಒಬ್ಬೊಬ್ಬರ ಪಾಲಿಗೆ ಬಂದದ್ದು ಒಂದೊಂದು ಗರಿ. ಅದನ್ನು ಹುಳು ತಿನ್ನದಂತೆ ಕಾದು ಮುಂದಿನವರ ಕೈಗಿತ್ತು ಅವರು ಬಯಲಾದರು. ಇಂದು ಯಾವ ಸಂಕಟದಲ್ಲಿರುವ ಭಕ್ತನಿಗಾದರೂ ಆ ಪರಂಪರೆ ಕೊಡುವ ಧೈರ್ಯ ಇಷ್ಟೇ, ಆದರೆ ಇದು ಸಣ್ಣದಲ್ಲ: ಅಲ್ಲಿದ್ದವನು ಇಲ್ಲಿಯೂ ಇದ್ದಾನೆ, ಇಂದಿನ ಕಾಯಕ ಇಂದು ಕಾದಿದೆ.